ಮುರಿದ ಕೊಂಬೆ ಒಂದು

ಸೋಮವಾರ ಬಿಳಿಗಿರಿರಂಗನ ಬೆಟ್ಟದಿಂದ ಇಳಿದು ಬಂದೆ. ಇವತ್ತು ಗುರುವಾರ. ಆ ಹುಡುಗಿ ಮಾತ್ರ ಇನ್ನೂ ನನ್ನ ತಲೆಯಿಂದ ಇಳಿದಿಲ್ಲ.

ಆಗಿದ್ದು ಇಷ್ಟೇ. ಗೆಳತಿಯ ಜೊತೆ ಒಂದು ಪೋಡಿಗೆ, ಅಂದರೆ ಆ ಕಾಡಿನ ಆದಿವಾಸಿಗಳಾದ ಸೋಲಿಗರ ಹಾಡಿಗೆ, ಹೋಗಿದ್ದೆ. ಕಾಫಿ ಗಿಡಗಳ ಅಂಚಿನಲ್ಲಿ ನೆಲ್ಲಿಮರ, ಕೈಗೆ ಎಟುಕುವಷ್ಟು ಕೆಳಗೇ ಕಾಯಿ. ಉಪ್ಪಿನಕಾಯಿ ನೆನಪಾಗಿ ಕೊಂಬೆ ಬಗ್ಗಿಸಿದೆ, ಚಟ್ ಅಂತ ಮುರೀತು. ತಿರುಗಿ ನೋಡಿದರೆ ನೋಟ್‌ಬುಕ್ ಹಿಡಿದ ಹುಡುಗಿ, ಹತ್ತೊಂಬತ್ತೋ ಇಪ್ಪತ್ತೋ ಇರಬೇಕು, ಏನೋ ಬರೀತಿದ್ದಾಳೆ.

"ಏನಮ್ಮ ಬರೀತಿದ್ದೀಯ?"

"ಮುರಿದ ಕೊಂಬೆ ಒಂದು."

"ಅಯ್ಯೋ, ಬೇಕಂತ ಮುರಿದಿದ್ದಲ್ಲಮ್ಮ, ಬಿಡು."

"ಬರ್ದಾಯ್ತು ಅಕ್ಕ. ಮುರಿಯೋದೇ ಆಗಿದ್ರೆ, ಅಕೋ, ಆ ಬಂದಳಿಕೆ ಹಿಡಿದಿರೋದನ್ನ ಮುರೀಬಾರ್ದಿತ್ತಾ?"

ಸಿಟ್ಟಿಲ್ಲ, ನಗುವೂ ಇಲ್ಲ. ಬರ್ದಾಯ್ತು ಅಕ್ಕ, ಅಷ್ಟೇ. ಬಂದಳಿಕೆ ಮರದ ಮೇಲೇ ಬೆಳೆದು ಅದರ ರಸ ಹೀರುವ ಗಿಡ, ಅದು ಹಿಡಿದ ಕೊಂಬೆ ತೆಗೆದರೆ ಮರಕ್ಕೆ ಒಳ್ಳೇದು. ನಾನು ಮುರಿದಿದ್ದು ಚೆನ್ನಾಗಿದ್ದ ಕೊಂಬೆ. ಅಂದರೆ ತಪ್ಪು ಮಾಡೋದರಲ್ಲೂ ತಪ್ಪು.

ವಾಪಸ್ ಬರುವಾಗ ಗೆಳತಿ, "ಪಾಪ, ಕಾಡಿನ ಮಕ್ಕಳು, ಎಷ್ಟು ಮುಗ್ಧರು ಅಲ್ವಾ" ಅಂದಳು. ನಂಗೆ ರೇಗಿಹೋಯ್ತು. ಒಳ್ಳೆಯವಳೇ, ಆದರೆ ಕಾಡು ಕಂಡ ಕೂಡಲೇ ಅವಳ ದನಿ ಬದಲಾಗುತ್ತದೆ. ಮುಗ್ಧತೆ ಎಲ್ಲಿಂದ ಬಂತು? ಆ ಹುಡುಗಿ ಲೆಕ್ಕ ಇಡುತ್ತಿದ್ದಳು.

ಈ ಲೆಕ್ಕ ನಿನ್ನೆ ಮೊನ್ನೆಯದೂ ಅಲ್ಲ. 1990ರ ದಶಕದಲ್ಲೇ ಸೋಲಿಗರು ಸಂಶೋಧಕರ ಜೊತೆ ಕೂತು, ಕೊಯ್ಲಿಗೆ ಮುಂಚೆ ಯಾವ ಕಡೆ ಎಷ್ಟು ನೆಲ್ಲಿ ಬಿಟ್ಟಿದೆ, ಸಸಿ ಎಷ್ಟು ಎದ್ದಿದೆ ಅಂತ ಅಂದಾಜು ಹಾಕುತ್ತಿದ್ದರು. ಅದಕ್ಕೂ ಮುಂಚೆ, 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಅವರ ಬೇಸಾಯವೂ ನಿಂತಿತು, ತರಗು ಬೆಂಕಿಯೂ ನಿಂತಿತು. ಬೇಸಿಗೆ ಶುರುವಾಗುವ ಮುಂಚೆ ಒಣ ಎಲೆಗಷ್ಟೇ ಹಚ್ಚುವ ಸಣ್ಣ ಬೆಂಕಿ ಅದು. ಅದು ನಿಂತ ಮೇಲೇ ಲಂಟಾನಾ ಅನ್ನೋ ಕಳೆಪೊದೆ, ಬಂದಳಿಕೆ ಎರಡೂ ಜಾಸ್ತಿಯಾದವು ಅಂತಾರೆ ಹಿರಿಯರು. ಲಂಟಾನಾ ನಾನೇ ನೋಡಿದೆ, ಆಳೆತ್ತರ, ಅದರೊಳಗೆ ಆನೆ ನಿಂತಿದ್ದರೂ ಗೊತ್ತಾಗಲ್ಲ.

ಆಮೇಲೆ 2006ರಲ್ಲಿ ಮಾರಾಟಕ್ಕೆ ನೆಲ್ಲಿ, ಜೇನು ತೆಗೆಯೋದಕ್ಕೇ ನಿಷೇಧ ಬಂತು. ಅದೇ ವರ್ಷ ದೆಹಲಿಯಲ್ಲಿ, ಕಾಡಿನಲ್ಲಿ ಬದುಕುವವರಿಗೆ ಕಾಡಿನ ಮೇಲೆ ಹಕ್ಕು ಕೊಡುವ ಅರಣ್ಯ ಹಕ್ಕು ಕಾಯ್ದೆ ಪಾಸಾಯಿತು, ನೋಡಿ ಹೇಗಿದೆ! 2011ರಲ್ಲಿ ಇದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಇಲ್ಲಿನ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ಸಿಕ್ಕಿತು, ಹುಲಿ ಕಾಡಿನೊಳಗೆ ದೇಶದಲ್ಲೇ ಮೊದಲ ಸಲ. ಕಾಯಿ ಎಣಿಸುತ್ತಿದ್ದವರನ್ನು ಹೊರಗಿಟ್ಟು, ಕಡೆಗೆ ಕಾಡಿನ ಮೇಲೆ ಅವರಿಗೆ ಹಕ್ಕಿದೆ ಅಂತ ಕಾಗದ ಕೊಟ್ಟರು. ನಡುವೆ ಹೋದ ಐದು ಸುಗ್ಗಿಗಳ ಲೆಕ್ಕ ಯಾವ ನೋಟ್‌ಬುಕ್ಕಿನಲ್ಲಿದೆಯೋ.

ಹೊರಡುವ ಮುಂಚೆ ಅವಳ ಅಮ್ಮನ ಹತ್ತಿರ ಎರಡು ಕೆಜಿ ನೆಲ್ಲಿಕಾಯಿ ತಗೊಂಡೆ. ತೂಗುವಷ್ಟರಲ್ಲಿ ಜಗಲಿ ಮೇಲಿದ್ದ ನೋಟ್‌ಬುಕ್ ಇಣುಕಿ ನೋಡಿದೆ. ಕೊಂಬೆ ಮುರಿದವರು ಯಾರು ಅಂತ ಬರೆಯೋಕೆ ಒಂದು ಕಾಲಂ. ಆನೆ, ಗಾಳಿ, ಆನೆ, ಆನೆ, ಗಾಳಿ. ಕೊನೇ ಸಾಲಿನಲ್ಲಿ, ಗುಂಡಗಿನ ಅಕ್ಷರದಲ್ಲಿ, "ಮೈಸೂರಿನ ಅಕ್ಕ".