ಬಾಗಿಲ ಪಕ್ಕದ ಸೀಟು

"ಅಮ್ಮ, ಅಜ್ಜಿ ನಮ್ಮ ಫ್ಯಾಮಿಲಿನಾ, ವಿಸಿಟರ್ರಾ?"

ಹೋದ ಶನಿವಾರ ಕಾರಿನ ಶೋರೂಮಿನಿಂದ ವಾಪಸ್ ಬರುವಾಗ ಮಗಳು ಕೇಳಿದ ಪ್ರಶ್ನೆ ಇದು. ಅವಳಿಗಿನ್ನೂ ಏಳು ವರ್ಷ. ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿದುಕೊಳ್ಳೋಕೆ ಕೇಳಿದ್ದು. ಶೋರೂಮಿನ ಹುಡುಗ "ಮನೆಯಲ್ಲಿ ಎಷ್ಟು ಜನ?" ಅಂದಾಗ ಇವರು "ನಾಲ್ಕು" ಅಂದರು. ಅದೇ ಹೊತ್ತಿಗೆ ನಾನು "ಐದು" ಅಂದೆ. ಹುಡುಗ ಇಬ್ಬರ ಮುಖ ನೋಡಿದ. ಆಗ ಇವರು, "ನಾಲ್ಕೇ, ನಮ್ಮ ಅತ್ತೆ ವಿಸಿಟರ್ ವೀಸಾದಲ್ಲಿ ಬಂದಿದ್ದಾರೆ, ಅಕ್ಟೋಬರಿನಲ್ಲಿ ಹೋಗ್ತಾರೆ" ಅಂತ ವಿವರಿಸಿದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಮಗಳು ಮಾತ್ರ ಅದನ್ನು ಹಾಗೇ ಎತ್ತಿಟ್ಟುಕೊಂಡಿದ್ದಳು.

ಅವಳು ಕೇಳುವಾಗ ನನ್ನ ಅಮ್ಮ ಅವಳ ಪಕ್ಕದಲ್ಲೇ ಇದ್ದಳು. ನಮ್ಮ ಹಳೇ ಸೆಡಾನಿನ ಹಿಂದಿನ ಸೀಟಿನಲ್ಲಿ, ಮಕ್ಕಳ ಎರಡು ಕಾರ್ ಸೀಟುಗಳ ನಡುವೆ, ಭುಜ ಮುದುಡಿಕೊಂಡು ಕೂತಿದ್ದಳು. ಶೋರೂಮಿನ ಇಂಗ್ಲಿಷ್ ಅವಳಿಗೆ ಅರ್ಥವಾಗಿತ್ತೋ ಇಲ್ಲವೋ ಗೊತ್ತಿಲ್ಲ. ಮೊಮ್ಮಗಳ ಕನ್ನಡ ಅರ್ಥವಾಗದೇ ಇರುತ್ತಾ? "ಅಲ್ಲಿ ನೋಡು ಪುಟ್ಟಿ, ಎಷ್ಟು ದೊಡ್ಡ ಲಾರಿ" ಅಂತ ಕಿಟಕಿ ಕಡೆ ಕೈ ತೋರಿಸಿದಳು. ನಾನು "ಫ್ಯಾಮಿಲಿನೇ ಪುಟ್ಟಿ, ಇನ್ನೇನು" ಅಂದೆ. ಆದರೆ ಲಾರಿ ಹಿಂದೆ ಹೋದ ಮೇಲೆ ಅಂದೆ. ಆ ತಡ ಇವತ್ತಿಗೂ ಚುಚ್ಚುತ್ತಿದೆ.

ನಾವಿರುವುದು ಮಿಷಿಗನ್ನಿನ ನೋವೈ ಊರಲ್ಲಿ. ಮಗ ಹುಟ್ಟಿದ ಮೇಲೆ ಸೆಡಾನ್ ಸಾಲುತ್ತಿಲ್ಲ. ಇಲ್ಲಿ ಮಕ್ಕಳಿಗೆ 8 ವರ್ಷ ತುಂಬುವವರೆಗೆ ಅಥವಾ 4 ಅಡಿ 9 ಇಂಚು ಬೆಳೆಯುವವರೆಗೆ ಅವರದ್ದೇ ಸೀಟು ಇರಲೇಬೇಕು. ಹಾಗಾಗಿ ಮೂರು ಸಾಲಿನ ಗಾಡಿ ಅಂತ ತೀರ್ಮಾನವಾಯಿತು. ಎಸ್‌ಯುವಿನೋ, ವ್ಯಾನೋ ಅನ್ನೋದು ಮಾತ್ರ ಎರಡು ತಿಂಗಳಾದರೂ ಬಗೆಹರಿಯಲಿಲ್ಲ.

ಇವರಿಗೆ ಎಸ್‌ಯುವಿ ಇಷ್ಟ. ಹಿಮ ಬಿದ್ದಾಗ ನಾಲ್ಕೂ ಚಕ್ರಕ್ಕೆ ಬಲ ಬೇಕು ಅನ್ನೋದು ಹೇಳುವ ಕಾರಣ. ಅದಕ್ಕೆ ಉತ್ತರ ಇದೆ, ಟೊಯೋಟಾ ಸಿಯೆನ್ನಾ, ಕ್ರೈಸ್ಲರ್ ಪೆಸಿಫಿಕಾ ವ್ಯಾನುಗಳಲ್ಲೂ ಆ ಸೌಲಭ್ಯ ಸಿಗುತ್ತದೆ. ಸಿಯೆನ್ನಾ 2021ರ ಮಾಡೆಲಿನಿಂದ ಹೈಬ್ರಿಡ್ ಮಾತ್ರ. ಅಷ್ಟು ದೊಡ್ಡ ಗಾಡಿ ಲೀಟರಿಗೆ ಹದಿನೈದು ಕಿಲೋಮೀಟರ್ ಹತ್ತಿರ ಕೊಡುತ್ತದೆ. ಮೂರನೇ ಸಾಲಿನ ಹಿಂದೆ ಸಾಮಾನಿಗೆ 33.5 ಘನ ಅಡಿ ಜಾಗ. ಅದೇ ಕಂಪನಿಯ ಹೈಲ್ಯಾಂಡರ್ ಎಸ್‌ಯುವಿಯಲ್ಲಿ 16. ಅಮ್ಮ ಬಂದಿಳಿದ ದಿನ 23 ಕಿಲೋದ ಎರಡು ಸೂಟ್‌ಕೇಸು, ಅಪ್ಪೆಮಿಡಿ ಡಬ್ಬಿಯ ಬ್ಯಾಗು ಇಡೋಕೆ ಜಾಗ ಸಾಲದೆ ನಾವು ಎರಡು ಕಾರು ತಗೊಂಡು ಏರ್‌ಪೋರ್ಟಿಗೆ ಹೋಗಿದ್ದೆವು. ಲೆಕ್ಕದಲ್ಲಿ ವ್ಯಾನೇ ಗೆಲ್ಲುತ್ತದೆ. ಹೇಳದ ಕಾರಣ ಬೇರೆ. ಗೆಳೆಯರೆಲ್ಲ ಎಸ್‌ಯುವಿ ತಗೊಂಡಿದ್ದಾರೆ. ವ್ಯಾನ್ ಅಂದರೆ ಇಲ್ಲಿ ವಯಸ್ಸಾಯ್ತು, ಮಕ್ಕಳನ್ನು ಆಟಕ್ಕೆ ಬಿಟ್ಟು ಕರೆದುಕೊಂಡು ಬರೋದಷ್ಟೇ ಬದುಕು ಅನ್ನೋ ಹಾಗೆ ನೋಡುತ್ತಾರೆ.

ಪಕ್ಕದ ಮನೆಯ ಅಜ್ಜ ಜೀವಮಾನವೆಲ್ಲ ಗಾಡಿಯ ಬಿಡಿಭಾಗ ಮಾಡುವ ಕಡೆ ದುಡಿದವರು. 1983ರ ನವೆಂಬರಿನಲ್ಲಿ ಕ್ರೈಸ್ಲರ್‌ನ ಮೊದಲ ಮಿನಿವ್ಯಾನ್ ಹೊರಬಂದದ್ದನ್ನು ಅವರು ನಿನ್ನೆ ಆದದ್ದರ ಹಾಗೆ ಹೇಳುತ್ತಾರೆ. ಅದನ್ನು ಮಾಡಿದ ಕಾರ್ಖಾನೆ ಇರೋದು ಡೆಟ್ರಾಯಿಟ್ ನದಿಯ ಆಚೆ, ಕೆನಡಾದ ವಿಂಡ್ಸರಿನಲ್ಲಿ. ಆ ವ್ಯಾನುಗಳ ಹಿಂದಿನ ಸೀಟಿನಲ್ಲಿ ಬೆಳೆದ ಮಕ್ಕಳೇ ದೊಡ್ಡವರಾದ ಮೇಲೆ "ಅಪ್ಪ ಅಮ್ಮನ ಗಾಡಿ ನಮಗೆ ಬೇಡ" ಅಂತ ಎಸ್‌ಯುವಿಗೆ ಹೋದರು ಅನ್ನೋದು ಅವರ ಬೇಸರ. ಅದನ್ನು ಕೇಳುವಾಗ ನನಗೆ ನೆನಪಾದದ್ದು, ನಮ್ಮಲ್ಲಿ ಮಾರುತಿ ವ್ಯಾನ್ ಬಂದದ್ದೂ ಅದೇ ಸುಮಾರಿಗೆ, 1984ರಲ್ಲಿ. ಆಮೇಲೆ ಅದಕ್ಕೆ ಓಮ್ನಿ ಅಂತ ಹೆಸರಾಯಿತು.

ಶೋರೂಮಿನಲ್ಲಿ ಮೊದಲು ನೋಡಿದ್ದು ಒಂದು ಎತ್ತರದ ಎಸ್‌ಯುವಿ. ಎರಡನೇ ಸಾಲು ಮಕ್ಕಳ ಸೀಟಿಗೆ, ದೊಡ್ಡವರು ಮೂರನೇ ಸಾಲಿಗೆ ಹೋಗಬೇಕು. "ಒಮ್ಮೆ ಹತ್ತಿ ನೋಡಿ ಅತ್ತೆ" ಅಂದರು ಇವರು. ಅಮ್ಮನಿಗೆ ಅರವತ್ತೆಂಟು, ಮಂಡಿ ನೋವು. ಒಂದು ಕೈಯಲ್ಲಿ ಸೀರೆಯ ನೆರಿಗೆ ಎತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ಬಾಗಿಲ ಮೇಲಿನ ಹಿಡಿಕೆ. ಬಲಗಾಲು ಮೇಲಿಟ್ಟಳು. ಎಡಗಾಲು ಏಳಲಿಲ್ಲ. ಹಾಗೇ ಒಂದು ಕ್ಷಣ ಜೋತು ನಿಂತಳು, ಚಪ್ಪಲಿ ಹಿಮ್ಮಡಿಯಿಂದ ಬಿಟ್ಟುಕೊಂಡು ತೂಗುತ್ತಿತ್ತು. ನಾನು ಸೊಂಟ ಹಿಡಿದು ಇಳಿಸಿದೆ. ಸೆರಗು ಸರಿ ಮಾಡಿಕೊಂಡು, "ಸುಮ್ನೆ ನನ್ನ ಲೆಕ್ಕ ಹಿಡ್ಕೊಂಡು ಗಾಡಿ ತಗೋಬೇಡಿ. ನಾನು ಮನೇಲೇ ಇರ್ತೀನಿ, ನೀವು ಹೋಗಿಬನ್ನಿ" ಅಂದಳು. ಇವರು ಏನೂ ಹೇಳಲಿಲ್ಲ. ಮುಖ ಸಣ್ಣದಾಗಿತ್ತು.

ಆಮೇಲೆ ವ್ಯಾನ್. ಬಾಗಿಲು ತಾನಾಗಿ ಹಿಂದಕ್ಕೆ ಜಾರಿತು. ಅಮ್ಮ ಒಳಗೆ ಹತ್ತಲೇ ಇಲ್ಲ. ತಿರುಗಿ ನಿಂತು, ಊರಲ್ಲಿ ಜಗಲಿ ಮೇಲೆ ಕೂತ ಹಾಗೆ ಕೂತಳು. ಆಮೇಲೆ ಒಂದೊಂದೇ ಕಾಲು ಒಳಗೆಳೆದುಕೊಂಡಳು. ಅಷ್ಟೇ. ಬಾಗಿಲನ್ನು ಒಮ್ಮೆ ಸವರಿ, "ಇದು ನಿಮ್ಮ ದೊಡ್ಡಪ್ಪನ ಓಮ್ನಿ ಬಾಗಿಲು ಅಲ್ವೇನೇ?" ಅಂದಳು.

ದೊಡ್ಡಪ್ಪನ ಓಮ್ನಿ ಬಿಳಿ ಬಣ್ಣದ್ದು. ಬಾಗಿಲು ಎಳೆದರೆ ಇಡೀ ಕೇರಿಗೆ ಕೇಳಿಸುತ್ತಿತ್ತು. ಸಾಗರದಿಂದ ತುಮರಿ ಕಡೆ ನೆಂಟರ ಮನೆಗೆ ಹೋಗಬೇಕಾದರೆ ಅದರಲ್ಲಿ ಹನ್ನೊಂದು ಜನ. ಹೊಳೆಬಾಗಿಲಲ್ಲಿ ಗಾಡಿ ಸಮೇತ ಲಾಂಚ್ ಹತ್ತಬೇಕಿತ್ತು. ಶರಾವತಿ ಹಿನ್ನೀರಿನ ಗಾಳಿ ಒಳಗೆ ಬರಲಿ ಅಂತ ಬಾಗಿಲು ತೆರೆದಿಟ್ಟಿರುತ್ತಿದ್ದರು. ಮಕ್ಕಳೆಲ್ಲ ಡಿಕ್ಕಿಯಲ್ಲಿ, ಸಾಮಾನಿನ ಮೇಲೆ. ಬೆಲ್ಟೂ ಇಲ್ಲ ಏನೂ ಇಲ್ಲ. ಈಗ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ, ನನ್ನ ಮಕ್ಕಳನ್ನು ಹಾಗೆ ಕೂರಿಸುವ ಮಾತೇ ಇಲ್ಲ. ಆದರೆ ಒಂದು ವಿಷಯದಲ್ಲಿ ದೊಡ್ಡಪ್ಪ ತಪ್ಪುತ್ತಿರಲಿಲ್ಲ. ಗಾಡಿ ತೊಳೆದು ಅಂಗಳಕ್ಕೆ ತಂದ ಕೂಡಲೇ "ಅಮ್ಮ ಎಲ್ಲಿ?" ಅನ್ನುತ್ತಿದ್ದರು. ನನ್ನಜ್ಜಿ ಬಂದು ಬಾಗಿಲ ಪಕ್ಕ ಕೂತ ಮೇಲೆಯೇ ಉಳಿದವರು ಹತ್ತಬೇಕು. ಜಾಗ ಸಾಲದಿದ್ದರೆ ಯಾರೋ ಒಬ್ಬರು ಬಸ್ಸಿಗೆ. ಆ ಒಬ್ಬರು ಯಾವತ್ತೂ ಅಜ್ಜಿ ಆಗಿರಲಿಲ್ಲ.

ಅವತ್ತು ರಾತ್ರಿ ಶಿವಮೊಗ್ಗದ ತಮ್ಮನಿಗೆ ಫೋನ್ ಮಾಡಿದೆ. ಅವನೂ ಎರಡು ವರ್ಷದ ಹಿಂದೆ ಎತ್ತರದ ಎಸ್‌ಯುವಿ ತಗೊಂಡಿದ್ದಾನೆ. ಊರ ರಸ್ತೆ ಹಾಗಿದೆ, ಅದನ್ನು ತಪ್ಪು ಅನ್ನಲಾರೆ. ಆದರೆ ಈಗ ನಮ್ಮ ಕಡೆ ಮನೆಮನೆಗೂ ಅದೇ ಗಾಡಿ. ಮದುವೆ ಮನೆ ಮುಂದೆ ಸಾಲಾಗಿ ನಿಂತಿರುತ್ತವೆ. ಮನೆಯ ಹಿರಿಯರು ಮಾತ್ರ ಆಟೋದಿಂದ ಇಳಿಯುತ್ತಿರುತ್ತಾರೆ. ಹೋದ ಸಲ ಊರಿಗೆ ಹೋದಾಗ ನಾನೇ ಕಣ್ಣಾರೆ ನೋಡಿದ್ದೇನೆ, ನೋಡಿಯೂ ಏನೂ ಅನ್ನಿಸಿರಲಿಲ್ಲ.

"ಅಮ್ಮ ನಿನ್ನ ಗಾಡೀಲಿ ಕೂರ್ತಾಳೇನೋ?" ಅಂತ ಕೇಳಿದೆ.

"ಕೂರ್ತಾಳೆ. ಅವಳಿಗೆ ಬರೋಕೆ ಮನಸ್ಸಿರಲ್ಲ ಅಷ್ಟೇ. ಸೇತುವೆ ನೋಡೋಕೆ ಎಲ್ಲರೂ ಹೋಗಿದ್ವಲ್ಲ, ಬಿಸಿಲು, ನಾನು ಬರಲ್ಲ ಅಂದುಬಿಟ್ಲು."

ಸಿಗಂದೂರು ಸೇತುವೆ. ಶರಾವತಿ ಹಿನ್ನೀರಿನ ಮೇಲೆ, ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, 2025ರ ಜುಲೈಯಲ್ಲಿ ಶುರುವಾದದ್ದು. ಅಮ್ಮ ಮದುವೆಯಾದಾಗಿಂದ ಆ ನೀರನ್ನು ಲಾಂಚಿನಲ್ಲಿ ದಾಟಿದವಳು. ಕೊನೆ ಲಾಂಚ್ ತಪ್ಪಿ ದಡದಲ್ಲೇ ರಾತ್ರಿ ಕಳೆದವಳು. ಸೇತುವೆ ಆಗಬೇಕು ಅಂತ ವರ್ಷಗಟ್ಟಲೆ ಕಾದವಳು. ಅದರ ಮೇಲೆ ಒಮ್ಮೆಯೂ ಹೋಗಿಲ್ಲ ಅನ್ನೋದು ನನಗೆ ಗೊತ್ತೇ ಇರಲಿಲ್ಲ.

ಬೆಳಿಗ್ಗೆ ಅಡುಗೆಮನೆಯಲ್ಲಿ ಅಮ್ಮ ತೆಂಗಿನಕಾಯಿ ತುರಿಯುತ್ತಿದ್ದಳು. ಪಕ್ಕ ನಿಂತು ಕೇಳಿದೆ, "ಅವತ್ತು ಸೇತುವೆಗೆ ಯಾಕೆ ಹೋಗಲಿಲ್ಲ ಅಮ್ಮ? ಬಿಸಿಲಿಗಾ?"

ತುರಿಯೋದು ನಿಲ್ಲಿಸಲಿಲ್ಲ. "ಮಂಡಿ ಏಳಲ್ಲ ಕಣೇ ಆ ಗಾಡಿಗೆ. ಹೇಳಿದ್ರೆ ಪಾಪ, ಅವನು ಬೇಜಾರು ಮಾಡ್ಕೋತಾನೆ. ಅಷ್ಟು ಆಸೆ ಪಟ್ಟು ತಗೊಂಡಿದ್ದಾನೆ."

ನಾವು ವ್ಯಾನಿಗೆ ದುಡ್ಡು ಕಟ್ಟಿ ಬಂದೆವು. ಕಟ್ಟಿದ್ದು ಇವರೇ, ನಾನು ಏನೂ ಹೇಳುವ ಮೊದಲೇ. ಮಗಳು ಹಿಂದಿನ ಸಾಲಿಗೆ ಹೋಗ್ತಾಳೆ, ಮಗ ನಡುವಿನ ಸಾಲಿನಲ್ಲಿ, ಅವನ ಆಚೆ ಬದಿಯ ಬಾಗಿಲ ಪಕ್ಕ ಅಮ್ಮ. ತಮ್ಮನಿಗೂ ಹೇಳಿದ್ದೇನೆ, ಅಕ್ಟೋಬರಿನಲ್ಲಿ ಅಮ್ಮ ಬಂದ ಮೇಲೆ ಮಳೆ ಹಿಡಿದಿಲ್ಲದ ದಿನ ನೋಡಿ ಅವಳನ್ನು ಸೇತುವೆ ಮೇಲೆ ಕರೆದುಕೊಂಡು ಹೋಗು ಅಂತ. ಬಾಡಿಗೆಗೆ ಓಮ್ನಿ ಸಿಕ್ಕರೆ ಅದರಲ್ಲೇ.