ಮೂರು ಕಲ್ಲು, ಒಂದು ಮನೆತನ

ಬಸ್ಸು ತಪ್ಪದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ತಪ್ಪಿದ್ದು ನನ್ನ ಫೋನಿನ ದೆಸೆಯಿಂದ. ಆ ಸಿಟ್ಟು ಇನ್ನೂ ಇಳಿದಿಲ್ಲ, ಆಮೇಲೆ ಹೇಳುತ್ತೇನೆ.

2023ರ ಅಕ್ಟೋಬರ್. ಮ್ಯೂನಿಕ್‌ನ ಆಫೀಸಿಗೆ ಹತ್ತು ದಿನ ರಜೆ ಹಾಕಿ ಸರ್ಬಿಯಾಕ್ಕೆ ಹೊರಟಿದ್ದೆ. ನನ್ನ ಪಕ್ಕದ ಮೇಜಿನವನು ಬೆಲ್‌ಗ್ರೇಡಿನವನು. ಅವನ ಜೊತೆ ಹರಟೆ ಹೊಡೆಯುವ ಆಸೆಗೆ ಒಂದು ವರ್ಷ ಮೊಬೈಲ್ ಆ್ಯಪ್‌ನಲ್ಲಿ ಸರ್ಬಿಯನ್ ಕಲಿತಿದ್ದೆ. ಏಳು ವಿಭಕ್ತಿ. ಶಾಲೆಯಲ್ಲಿ ಪ್ರಥಮಾ, ದ್ವಿತೀಯಾ ಅಂತ ಬಾಯಿಪಾಠ ಹೊಡೆದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಮಹಾನೇ ಆಗಿತ್ತು. ಹೊರಡುವ ಮುಂಚೆ ಅವನು ಹೇಳಿದ್ದು ಒಂದೇ ಮಾತು: "ನಿಶ್ ಊರು ದಾಟಿ ಆಚೆ ಹೋಗಬೇಡ. ಅಲ್ಲಿಯವರಿಗೆ ವಿಭಕ್ತಿ ಗೊತ್ತಿಲ್ಲ. ನೀನು ಕಲಿತದ್ದೆಲ್ಲ ಕೆಟ್ಟುಹೋಗುತ್ತೆ." ಹೋಗಬೇಡ ಅಂದ ಕಡೆಗೇ ಕಾಲು ಎಳೆಯುತ್ತೆ, ಅಲ್ವಾ?

ಬೆಲ್‌ಗ್ರೇಡಿನ ನಾಲ್ಕು ದಿನದ ಬಗ್ಗೆ ಬರೆಯುವಂಥದ್ದೇನಿಲ್ಲ. ನಿಶ್‌ನಲ್ಲಿ ಎಲ್ಲರೂ ನೋಡುವ ತಲೆಬುರುಡೆಗಳ ಗೋಪುರವನ್ನು ನಾನೂ ನೋಡಿದೆ. 1809ರ ಯುದ್ಧದಲ್ಲಿ ಸತ್ತ ಸರ್ಬ್ ಬಂಡಾಯಗಾರರ 952 ಬುರುಡೆಗಳನ್ನು ತುರ್ಕರು ಗೋಡೆಗೆ ಕೂಡಿಸಿ ಕಟ್ಟಿದ್ದರಂತೆ. ಈಗ ಉಳಿದಿರುವುದು 58. ಹತ್ತು ನಿಮಿಷಕ್ಕಿಂತ ಜಾಸ್ತಿ ನಿಲ್ಲಲು ಆಗಲಿಲ್ಲ.

ನಿಶ್ ದಾಟಿ ಪಿರೋತ್ ಎಂಬ ಊರಿಗೆ ಬಂದ ಮೇಲೆ ನನ್ನ ಕಿವಿ ಚುರುಕಾಯಿತು. ಬೇಕರಿಯ ಹೆಂಗಸು ಬ್ರೆಡ್ಡಿಗೆ ಪುಸ್ತಕದ ಹಾಗೆ 'ಹ್ಲೆಬ್' ಅನ್ನದೆ 'ಲೆಬ್' ಅಂದಳು. ಹೆಂಗಸು ಅನ್ನುವುದಕ್ಕೆ ನಾನು ಕಲಿತದ್ದು 'ಝೆನಾ'. ಇಲ್ಲಿ 'ಝೆನಾತಾ', ಅಂದರೆ 'ಆ ಹೆಂಗಸು'. ಹೀಗೆ ಪದದ ಬಾಲಕ್ಕೆ 'ತಾ' ಅಂಟಿಸುವುದು ಬೆಲ್‌ಗ್ರೇಡಿನ ವ್ಯಾಕರಣದಲ್ಲಿಲ್ಲ, ಬಲ್ಗೇರಿಯನ್‌ನಲ್ಲಿ ಇದೆ. ವಿಭಕ್ತಿಯ ಕಥೆಯೂ ಅಷ್ಟೇ. 'ಶಾಲೆಗೆ ಹೋದೆ', 'ಶಾಲೆಯಲ್ಲಿ ಇದ್ದೆ' ಎಂಬ ಎರಡಕ್ಕೂ ಇಲ್ಲಿಯವರಿಗೆ ಒಂದೇ ರೂಪ ಸಾಕು. ನಾವು 'ಶಾಲೆಗೆ ಇದ್ದೆ' ಅಂದ ಹಾಗೆ. ಬೆಲ್‌ಗ್ರೇಡಿನವರು ನಗುವುದು ಇದಕ್ಕೇ. ನನಗೋ, ಯಾರೋ ಬೆನ್ನ ಮೇಲಿನ ಮೂಟೆ ಇಳಿಸಿದ ಹಾಗಾಯಿತು.

ಪಿರೋತ್‌ನ ಚೀಸು, ಬಾಟಲಿಯಿಂದ ತೀಡಿ ಚಪ್ಪಟೆ ಮಾಡುವ ಸಾಸೇಜು, ಎರಡನ್ನೂ ಹೊಗಳಲೇಬೇಕು. ಕಾಫಿಯನ್ನು ಹೊಗಳಲಾರೆ. ತಳದಲ್ಲಿ ಅರ್ಧ ಲೋಟ ಚರಟ. ಫಿಲ್ಟರ್ ಕಾಫಿ ಕುಡಿದು ಬೆಳೆದವನು ಸುಮ್ನೆ ಬೆರಳು ಬಿಸಿ ಮಾಡಿಕೊಂಡು ಇಡುವಂಥದ್ದು.

ಪಿರೋತ್ ಹೆಸರಾಗಿರುವುದು ಕಿಲಿಮ್ ಎಂಬ ನೆಲಹಾಸಿಗೆ. ಅದಕ್ಕೆ ಒಳಮೈ ಹೊರಮೈ ಅಂತ ಇಲ್ಲ, ಎರಡೂ ಕಡೆ ಒಂದೇ ಚಿತ್ತಾರ. ನೇಯುವ ಹೆಂಗಸೊಬ್ಬಳು ಮಗ್ಗದ ಮುಂದೆ ಕೂರಿಸಿ ತಾಳ್ಮೆಯಿಂದ ತೋರಿಸುತ್ತಿದ್ದಳು. ನಾನು ಜಾಣತನ ತೋರಿಸಲು ಹೋಗಿ, "ಬೆಟ್ಟದ ಆಚೆ ಬಲ್ಗೇರಿಯಾದ ಚಿಪ್ರೋವ್ತ್ಸಿಯಲ್ಲೂ ಇದನ್ನೇ ನೇಯುತ್ತಾರಲ್ಲ?" ಅಂದುಬಿಟ್ಟೆ. ಅವಳ ಮುಖ ಬಿಗಿಯಿತು. "ಇದನ್ನಲ್ಲ. ಇದರ ಹಾಗೆ ಕಾಣೋದನ್ನ." ಚಿಪ್ರೋವ್ತ್ಸಿಯ ನೇಯ್ಗೆ 2014ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ್ದು ಅವಳಿಗೆ ಚೆನ್ನಾಗಿಯೇ ಗೊತ್ತಿತ್ತು. ಆ ಹೆಸರು ಎತ್ತಿದ ಮೇಲೆ ನನಗೆ ಬೆಲೆಯಲ್ಲಿ ಒಂದು ದಿನಾರ್ ಕೂಡ ಇಳಿಯಲಿಲ್ಲ. ಪಿರೋತ್‌ನಲ್ಲಿ ಏನಾದರೂ ಕೊಳ್ಳುವವರು ಗಡಿಯಾಚೆಯ ಊರುಗಳ ಹೆಸರು ಎತ್ತಬೇಡಿ.

ಅವಳ ಬಿಗುವಿಗೆ ಕಾರಣ ಇಲ್ಲದಿಲ್ಲ. 1878ರಲ್ಲಿ ರಷ್ಯಾ ತುರ್ಕರನ್ನು ಸೋಲಿಸಿ ಸಾನ್ ಸ್ತೆಫಾನೋದಲ್ಲಿ ಬರೆಸಿದ ಒಪ್ಪಂದದಲ್ಲಿ ಪಿರೋತ್ ಬಲ್ಗೇರಿಯಾದ ಪಾಲಾಗಿತ್ತು. ಕೆಲವೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ದೊಡ್ಡ ದೇಶಗಳು ಕೂತು ಅದನ್ನು ಸರ್ಬಿಯಾಕ್ಕೆ ಕೊಟ್ಟವು. 1885ರಲ್ಲಿ ಸರ್ಬಿಯಾದ ರಾಜ ಮಿಲಾನ್ ಬಲ್ಗೇರಿಯಾದ ಮೇಲೆ ದಂಡೆತ್ತಿ ಹೋಗಿ ಸ್ಲಿವ್ನಿತ್ಸಾದಲ್ಲಿ ಸೋತ. ಬೆನ್ನಟ್ಟಿ ಬಂದ ಬಲ್ಗೇರಿಯನ್ನರು ಪಿರೋತ್ ಹಿಡಿದರು. ಆಸ್ಟ್ರಿಯಾ ಕಣ್ಣು ಕೆಂಪು ಮಾಡಿದ್ದಕ್ಕೆ ಬಿಟ್ಟು ಹೋದರು. ಎರಡೂ ಮಹಾಯುದ್ಧಗಳಲ್ಲಿ ಮತ್ತೆ ಬಂದರು, ಮತ್ತೆ ಹೋದರು. ಹೀಗಿರುವಾಗ ನೆಲಹಾಸಿನ ಚಿತ್ತಾರ ಬರೀ ಚಿತ್ತಾರವಾಗಿ ಉಳಿಯುವುದಾದರೂ ಹೇಗೆ?

ಅಲ್ಲಿಂದ ಮುಂದಿನ ಊರು ದಿಮಿತ್ರೋವ್‌ಗ್ರಾದ್. ಬಲ್ಗೇರಿಯಾದ ಗಡಿ ಕೂಗಳತೆಯಲ್ಲಿ. ಹಳೆಯ ಹೆಸರು ತ್ಸಾರಿಬ್ರೋದ್, ಊರವರ ಬಾಯಲ್ಲಿ ಈಗಲೂ ಅದೇ. 1878ರಿಂದ ಇದು ಬಲ್ಗೇರಿಯಾದಲ್ಲಿತ್ತು. ಮೊದಲ ಮಹಾಯುದ್ಧದಲ್ಲಿ ಬಲ್ಗೇರಿಯಾ ಸೋತ ಮೇಲೆ, 1919ರ ನವೆಂಬರ್‌ನಲ್ಲಿ, ಪ್ಯಾರಿಸ್ ಪಕ್ಕದ ನೂಯಿಯಲ್ಲಿ ಆದ ಒಪ್ಪಂದ ಇದನ್ನೂ ದಕ್ಷಿಣದ ಬೋಸಿಲೆಗ್ರಾದ್ ಅನ್ನೂ ಆಗಿನ ಸರ್ಬ್-ಕ್ರೋವಟ್-ಸ್ಲೊವೀನ್ ರಾಜ್ಯಕ್ಕೆ, ಅಂದರೆ ಮುಂದೆ ಯುಗೊಸ್ಲಾವಿಯಾ ಆದ ದೇಶಕ್ಕೆ, ದಾಟಿಸಿತು. ಮುಂದಿನ ವರ್ಷ ಗಡಿಯೂ ಸರಿಯಿತು. ಬಲ್ಗೇರಿಯಾದ ಕಮ್ಯುನಿಸ್ಟ್ ನಾಯಕ ಗಿಯೋರ್ಗಿ ದಿಮಿತ್ರೋವ್‌ನ ಹೆಸರನ್ನು ಊರಿಗೆ ಇಟ್ಟದ್ದು ಯುಗೊಸ್ಲಾವಿಯಾ, 1950ರಲ್ಲಿ. ಬಲ್ಗೇರಿಯಾದಲ್ಲೇ ಇನ್ನೊಂದು ದಿಮಿತ್ರೋವ್‌ಗ್ರಾದ್ ಇದೆ. ಕೋಣೆ ಬುಕ್ ಮಾಡುವಾಗ ದೇಶ ನೋಡಿ ಮಾಡಿ.

ನಾನಿದ್ದ ಮನೆಯ ಒಡತಿಗೆ ಎಂಬತ್ತು ವರ್ಷ. ಎಲ್ಲರೂ ಬಾಬಾ ಅನ್ನುತ್ತಾರೆ, ಅಜ್ಜಿ ಅಂತ. ನಮ್ಮ ಕಡೆ ಬಾಬಾ ಅಂದರೆ ಗಡ್ಡ ಕಣ್ಣ ಮುಂದೆ ಬರುತ್ತೆ, ಅದಕ್ಕೆ ಒಂದು ದಿನ ಬೇಕಾಯಿತು. ಕಾರು ಓಡಿಸುವವನು ಅವಳ ಮೊಮ್ಮಗ. ಬಲ್ಗೇರಿಯಾದ ರಾಜಧಾನಿ ಸೋಫಿಯಾದಲ್ಲಿ ಓದಿದವನು, ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ನಮ್ಮ ಮಾತುಕತೆಗೆ ನನ್ನ ಆ್ಯಪ್ ಸರ್ಬಿಯನ್ ಅರ್ಧ, ಅವನ ಇಂಗ್ಲಿಷ್ ಅರ್ಧ.

ಮರುದಿನ ಅವನು ಪೋಗಾನೋವೋ ಮಠಕ್ಕೆ ಕರೆದುಕೊಂಡು ಹೋದ. ಯೆರ್ಮಾ ನದಿಯ ಕಮರಿ. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ರಸ್ತೆಗೆ ಜಾಗ ಸಿಕ್ಕಿದ್ದೇ ಪುಣ್ಯ. ಈ ನದಿ ಸರ್ಬಿಯಾದಲ್ಲಿ ಹುಟ್ಟಿ, ಬಲ್ಗೇರಿಯಾಕ್ಕೆ ಹೋಗಿ, ಮತ್ತೆ ಸರ್ಬಿಯಾಕ್ಕೆ ವಾಪಸ್ ಬರುತ್ತೆ. ಮಠ ಚಿಕ್ಕದು, ಹದಿನಾಲ್ಕನೇ ಶತಮಾನದ ಕೊನೆಯದು. ಕಟ್ಟಿಸಿದ ಕೊನ್‌ಸ್ತಾಂತಿನ್ ದೇಯಾನೊವಿಚ್ ಸರ್ಬ್ ಮನೆತನದವನು, ಆಳುತ್ತಿದ್ದುದು ಈಗ ಬಲ್ಗೇರಿಯಾದಲ್ಲಿರುವ ಕ್ಯುಸ್ತೆಂದಿಲ್‌ನಿಂದ. ಅವನ ಮಗಳು ಹೆಲೆನಾ ಬೈಜಾಂಟಿಯಂನ ಕೊನೆಯ ಚಕ್ರವರ್ತಿಯ ತಾಯಿ. ಗೋಡೆಯ ಮೇಲೆ 1499ರ ಚಿತ್ರಗಳು. ನೀಲಿ ಮಾಸಿದರೂ ಕಣ್ಣುಗಳು ಮಾಸಿಲ್ಲ. ಎಷ್ಟೋ ದೊಡ್ಡ ಚರ್ಚುಗಳಲ್ಲಿ ಆಕಳಿಸಿದ ನಾನು ಇಲ್ಲಿ ಅಲುಗಾಡದೆ ನಿಂತೆ.

"ಇಲ್ಲಿನ ಹೆಸರಾಂತ ಐಕಾನ್ ಇಲ್ಲಿಲ್ಲ," ಅಂದ ಮೊಮ್ಮಗ. "ಸೋಫಿಯಾದಲ್ಲಿದೆ." ಐಕಾನ್ ಅಂದರೆ ಚರ್ಚಿನಲ್ಲಿ ಪೂಜಿಸುವ ಪವಿತ್ರ ಚಿತ್ರ. ಎರಡೂ ಮುಖಕ್ಕೆ ಚಿತ್ರ ಬರೆದ ಹಲಗೆ ಅದು. ರಾಣಿ ಹೆಲೆನಾ ಎಂಬ ಹೆಸರು ಅದರ ಮೇಲಿದೆ. ಯಾವ ಹೆಲೆನಾ ಎಂದು ವಿದ್ವಾಂಸರು ಇನ್ನೂ ಕಿತ್ತಾಡುತ್ತಿದ್ದಾರೆ. ರಾತ್ರಿ ಬಾಬಾ ಹೇಳಿದಳು: "ಸೋಫಿಯಾಕ್ಕೆ ಹೋದ್ರೆ ನೋಡಿಕೊಂಡು ಬಾ ಮಗಾ. ಹೇಗಿಟ್ಟಿದ್ದಾರೆ ಅಂತ ನನಗೆ ಹೇಳು."

ಈಗ ಫೋನಿನ ಕಥೆ. ಸರ್ಬಿಯಾಕ್ಕಿಂತ ಬಲ್ಗೇರಿಯಾದ ಗಡಿಯಾರ ಒಂದು ಗಂಟೆ ಮುಂದೆ. ಈ ಊರಿನಲ್ಲಿ ನನ್ನ ಫೋನು ಒಮ್ಮೆ ಈ ದೇಶದ ಟವರ್ ಹಿಡಿಯುತ್ತಿತ್ತು, ಒಮ್ಮೆ ಆ ದೇಶದ್ದು. ರಾತ್ರಿ ಮಲಗುವಾಗ ಸೋಫಿಯಾ ಸಮಯ ತೋರಿಸುತ್ತಿತ್ತು. ಸರಿ, ಒಂದು ಗಂಟೆ ಕಳೆದರಾಯಿತು ಎಂದುಕೊಂಡೆ. ಬೆಳಿಗ್ಗೆ ಎದ್ದಾಗ ಆರೂವರೆ. ಒಂದು ಗಂಟೆ ಕಳೆದೆ. ಐದೂವರೆಗೆ ಯಾರು ಏಳುತ್ತಾರೆ ಅಂತ ಮತ್ತೆ ಹೊದ್ದು ಮಲಗಿದೆ. ಫೋನು ಅಷ್ಟರಲ್ಲಿ ಸರ್ಬಿಯಾಕ್ಕೆ ವಾಪಸ್ ಬಂದಾಗಿತ್ತು. ನಿಶ್‌ನಿಂದ ಸೋಫಿಯಾಕ್ಕೆ ಹೋಗುವ ಬಸ್ಸು ನನ್ನನ್ನು ಬಿಟ್ಟು ಗಡಿ ದಾಟಿತು. ಹೊಸ ಸಿಮ್ಮಿಗೆ ಹಾಕಿಸಿದ್ದ ದುಡ್ಡನ್ನೂ ಆಚೆ ದೇಶದ ಟವರ್ ರಾತ್ರೋರಾತ್ರಿ ನುಂಗಿತ್ತು. ಗಡಿ ಊರಿಗೆ ಹೋಗುವವರೇ, ಸಮಯ ತಾನಾಗಿ ಬದಲಾಗುವುದನ್ನು ನಿಲ್ಲಿಸಿ, ನೆಟ್‌ವರ್ಕನ್ನು ಕೈಯಾರೆ ಆರಿಸಿ. ಅದಕ್ಕಿಂತ ಒಳ್ಳೆಯದು, ಗೋಡೆ ಗಡಿಯಾರ ನೋಡಿ.

ಬಾಬಾ ನಕ್ಕಿದ್ದೇ ನಕ್ಕಿದ್ದು. "ಬಾ, ಸುಮ್ನೆ ಕೂತು ಏನ್ಮಾಡ್ತೀಯಾ, ಸ್ಮಶಾನಕ್ಕೆ ಹೂವು ಇಡೋಕೆ ಹೋಗ್ತಿದೀನಿ," ಅಂದಳು.

ಸ್ಮಶಾನದಲ್ಲಿ ಅವಳ ಮನೆಯ ಮೂರು ಕಲ್ಲುಗಳು ಸಾಲಾಗಿದ್ದವು. ಮೊದಲನೆಯದು ಅಜ್ಜನದು, ಊರು ಇನ್ನೂ ಬಲ್ಗೇರಿಯಾದಲ್ಲಿದ್ದಾಗ ಸತ್ತವನು. ಅಡ್ಡಹೆಸರಿನ ಕೊನೆಯಲ್ಲಿ 'ಓವ್', ಅದರ ಮೇಲೊಂದು ಉಚ್ಚಾರವಿಲ್ಲದ ಅಕ್ಷರ. ಹಳೆಯ ಬಲ್ಗೇರಿಯನ್ ಬರವಣಿಗೆಯಲ್ಲಿ ಇಂಥ ಹೆಸರುಗಳ ಬಾಲಕ್ಕೆ ಅದು ಬೇಕೇ ಬೇಕಿತ್ತು, 1945ರ ಸುಧಾರಣೆಯಲ್ಲಿ ಹೋಯಿತು. ಎರಡನೆಯದು ದೊಡ್ಡಪ್ಪನದು, 1934. ಅಲ್ಲಿ 'ಓವಿಚ್'. ಕೊನೆಗೆ ಬಾಲಕ್ಕೆ ಕೊಕ್ಕೆ ಹಾಕಿದಂಥ ಒಂದು ಅಕ್ಷರ. ಅದು ಸರ್ಬಿಯನ್‌ನಲ್ಲಿದೆ, ಬಲ್ಗೇರಿಯನ್‌ನಲ್ಲಿ ಇಲ್ಲ. ಮೂರನೆಯದು ಅವಳ ಅಪ್ಪನದು, 1967. ಮತ್ತೆ 'ಓವ್'. ಈ ಸಲ ಮೂಕ ಅಕ್ಷರ ಇಲ್ಲ.

ನಾನು ಮೂರನ್ನೂ ಅಕ್ಷರ ಕೂಡಿಸಿ ಓದುತ್ತಿದ್ದುದನ್ನು ನೋಡಿ ಬಾಬಾ ಅಂದಳು: "ಒಂದೇ ಹಾಸಿಗೆಯಲ್ಲಿ ಹುಟ್ಟಿದವರು. ಗುಮಾಸ್ತರು ಮಾತ್ರ ಬೇರೆಬೇರೆ."

"ಹಾಗಾದ್ರೆ ನೀವು ಯಾರು? ಸರ್ಬ್ ಅಥವಾ ಬಲ್ಗೇರಿಯನ್?" ಬಾಯಿ ತಪ್ಪಿ ಕೇಳಿಬಿಟ್ಟೆ. ಅವಳು ಉತ್ತರ ಕೊಡದೆ ಕಲ್ಲಿನ ಮೇಲಿನ ಎಲೆ ಗುಡಿಸಿದಳು. ಆಮೇಲೆ ಶುರುವಾಯಿತು.

"ನಾನು ಹುಟ್ಟಿದ್ದು 43ರಲ್ಲಿ, ಆಗ ಇಲ್ಲಿ ಬಲ್ಗೇರಿಯಾದ ಸೈನ್ಯ. ಓದಿದ್ದು ಯುಗೊಸ್ಲಾವಿಯಾದಲ್ಲಿ. ಪಿಂಚಣಿ ಕೊಡೋದು ಸರ್ಬಿಯಾ, ಅದೂ ಸಾಲಲ್ಲ. ಜನಗಣತಿಯವರು ಬಂದಾಗ ಒಮ್ಮೆ ಯುಗೊಸ್ಲಾವ್ ಅಂತ ಬರೆಸಿದೆ. ಈಗ ಬಲ್ಗೇರಿಯನ್ ಅಂತ ಬರೆಸ್ತೀನಿ. ಪಿರೋತ್‌ನಲ್ಲಿ ನನ್ನ ಚಿಕ್ಕಪ್ಪನ ಮಗಳಿದ್ದಾಳೆ, ಸರ್ಬ್ ಅಂತ ಬರೆಸ್ತಾಳೆ. ಫೋನಿನಲ್ಲಿ ಗಂಟೆಗಟ್ಟಲೆ ಹರಟ್ತೀವಿ, ಒಂದು ಪದ ಕೂಡ ಬೇರೆ ಇಲ್ಲ. ಅವಳಿಗೆ ಬೇಜಾರಿಲ್ಲ, ನನಗೂ ಇಲ್ಲ. ಬೇಜಾರು ಮಾಡ್ಕೊಳ್ಳೋಕೆ ದೂರದಿಂದ ಬರ್ತಾರೆ."

"ಯಾರು?"

"ರೆಕಾರ್ಡರ್ ಹಿಡಿದವರು! ಬೆಲ್‌ಗ್ರೇಡಿನಿಂದ ಒಬ್ಬ ಬಂದ, ಸೋಫಿಯಾದಿಂದ ಒಬ್ಬಳು ಬಂದಳು. ಇಬ್ಬರಿಗೂ ಅದೇ ಕಥೆ ಹೇಳಿದೆ. ನನ್ನ ಹಂದಿ ತಪ್ಪಿಸಿಕೊಂಡ ಕಥೆ. ಇಬ್ಬರೂ ಒಂದೇ ಹಂದಿ ಬರೆದುಕೊಂಡು ಹೋಗಿ ಎರಡು ಭಾಷೆ ಮಾಡ್ತಾರೆ."

ಈ ಜಗಳ ಹೊಸದಲ್ಲ. 1905ರಲ್ಲಿ ಬೆಲ್‌ಗ್ರೇಡಿನ ಪಂಡಿತ ಅಲೆಕ್ಸಾಂದರ್ ಬೆಲಿಚ್ ಇಲ್ಲಿನ ಮಾತನ್ನು ಸರ್ಬಿಯನ್ನಿನ ಉಪಭಾಷೆ ಎಂದು ದಪ್ಪ ಪುಸ್ತಕ ಬರೆದ. ಸೋಫಿಯಾದ ಬೆನ್ಯೋ ತ್ಸೋನೆವ್ ಇಲ್ಲ, ಇದು ಬಲ್ಗೇರಿಯನ್ ಎಂದ. ತೋರ್ಲಾಕ್ ಎಂಬುದು ಹೊರಗಿನವರು ಇದಕ್ಕೆ ಕೊಡುವ ಹೆಸರು. ತಮಾಷೆಯೆಂದರೆ, ಬಲ್ಗೇರಿಯನ್ ಎಂಬ ಬೇರೆ ಭಾಷೆಯೇ ಇದೆ ಎಂದು 1822ರಲ್ಲಿ ಮಾದರಿ ಸಮೇತ ಯುರೋಪಿನ ಪಂಡಿತರಿಗೆ ತೋರಿಸಿಕೊಟ್ಟವನು ಒಬ್ಬ ಸರ್ಬ್, ವುಕ್ ಕರಾಜಿಚ್.

"ನಿಮ್ಮ ಭಾಷೆಗೆ ನೀವು ಏನಂತೀರಿ?" ಕೇಳಿದೆ.

"ನಾಶ್ಕಿ," ಅಂದಳು. ನಮ್ಮದು ಅಂತ.

ವಾಪಸ್ ಬರುವಾಗ ಮೊಮ್ಮಗ ತನ್ನ ಕಥೆ ಹೇಳಿದ. ನಿಶ್‌ನಲ್ಲಿ ಫುಟ್‌ಬಾಲ್ ಆಡಲು ಹೋದರೆ ಅವನನ್ನು ಬುಗಾರಿನ್, ಅಂದರೆ ಬಲ್ಗೇರಿಯಾದವನು, ಎಂದು ಕಿಚಾಯಿಸುತ್ತಿದ್ದರಂತೆ. ಬಲ್ಗೇರಿಯನ್ ಅಂತ ಎದೆ ಉಬ್ಬಿಸಿ ಸೋಫಿಯಾ ಹಾಸ್ಟೆಲಿಗೆ ಹೋದರೆ ಮೊದಲ ರಾತ್ರಿಯೇ 'ಸರ್ಬಿನ್' ಎಂದು ಹೆಸರಿಟ್ಟರು. ಈಗ ಅವನ ಹತ್ತಿರ ಎರಡೂ ಪಾಸ್‌ಪೋರ್ಟ್ ಇವೆ. ಯುರೋಪಿನಲ್ಲಿ ಕೆಲಸಕ್ಕೆ ಒಂದು, ಅಜ್ಜಿಯ ಮನೆಗೆ ಒಂದು. ಊರಿನಲ್ಲಿ ಉಳಿದವರೇ ಕಮ್ಮಿ. ಸರ್ಬಿಯಾದಲ್ಲಿ ಬಲ್ಗೇರಿಯನ್ ಅಂತ ಬರೆಸಿದವರು 2011ರಲ್ಲಿ 18 ಸಾವಿರಕ್ಕೂ ಜಾಸ್ತಿ ಇದ್ದರು, 2022ರ ಹೊತ್ತಿಗೆ 13 ಸಾವಿರಕ್ಕೆ ಇಳಿದಿದ್ದಾರೆ.

ಹಾಸ್ಟೆಲಿನ ಮಾತಿಗೆ ನನಗೆ ನನ್ನದೇ ನೆನಪಾಯಿತು. ಕುಂದಾಪುರದಿಂದ ಬೆಂಗಳೂರಿಗೆ ಬಂದ ಮೊದಲ ವಾರ 'ಬತ್ತೆ' ಅಂದಿದ್ದಕ್ಕೆ ರೂಮಿನವರು ಇದು ತುಳುವಾ ಎಂದು ಕೇಳಿದ್ದರು. ಆರು ತಿಂಗಳಲ್ಲಿ ನಾನು 'ಬರ್ತೀನಿ' ಆಗಿಬಿಟ್ಟೆ. ಆದರೆ ನಮ್ಮ ಮಾತನ್ನು ಕೇಳಿ ಯಾವ ದೇಶವೂ ಸೈನ್ಯ ಕಳಿಸಲಿಲ್ಲ, ಅಷ್ಟೇ ವ್ಯತ್ಯಾಸ. ಇದನ್ನು ಬಾಬಾಗೆ ಹೇಳಿದರೆ, "ನಿನ್ನ ನಾಶ್ಕಿ ಮಾತಾಡು, ಕೇಳೋಣ," ಅಂದಳು. ಅಮ್ಮನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಅಮ್ಮ ನೆರೆಮನೆಯವರ ತೆಂಗಿನಕಾಯಿ ಜಗಳವನ್ನು ಐದು ನಿಮಿಷ ಬಿಡದೆ ಹೇಳಿದಳು. ಬಾಬಾ ಕೊನೆಯವರೆಗೂ ತಲೆದೂಗುತ್ತ ಕೇಳಿದಳು. ಯಾವ ಅರ್ಥದಲ್ಲಿ ತಲೆದೂಗಿದಳೋ ಗೊತ್ತಾಗಲಿಲ್ಲ. ಬಲ್ಗೇರಿಯನ್ನರು ಇಲ್ಲ ಅನ್ನಲು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾರಲ್ಲ.

ಮಾರನೆಯ ದಿನ ಗೋಡೆ ಗಡಿಯಾರ ನೋಡಿ ಹೊರಟು ಸೋಫಿಯಾ ಸೇರಿದೆ. ಆ ನಗರದಲ್ಲಿ ಎರಡು ದಿನ ಇದ್ದೆ. ಶೋಪ್‌ಸ್ಕಾ ಸಲಾಡ್ ತಿಂದೆ. ಗಡಿಯ ಎರಡೂ ಕಡೆಯ ಶೋಪ್ ಜನರ ಹೆಸರು ಅದಕ್ಕೆ. ಆದರೆ ಅದು ಹಳ್ಳಿಯ ಅಡುಗೆಯೇನಲ್ಲ, ಕಮ್ಯುನಿಸ್ಟ್ ಕಾಲದ ಸರ್ಕಾರಿ ಪ್ರವಾಸ ಸಂಸ್ಥೆ ಹುಟ್ಟುಹಾಕಿದ್ದು. ಟೊಮೆಟೊ, ಸೌತೆಕಾಯಿ, ಮೇಲೆ ಬಿಳಿ ಚೀಸು. ರುಚಿಗೇನೂ ಮೋಸ ಇಲ್ಲ.

ಅಲೆಕ್ಸಾಂದರ್ ನೆವ್‌ಸ್ಕಿ ಚರ್ಚಿನ ಕೆಳಗಿನ ನೆಲಮಾಳಿಗೆಯಲ್ಲಿ ಐಕಾನ್‌ಗಳ ಸಂಗ್ರಹ ಇದೆ. ಪೋಗಾನೋವೋದ ಹಲಗೆ ಸಿಕ್ಕಿತು. ಕಡು ನೀಲಿ ಬಟ್ಟೆಯ ಮೇರಿ, ಪಕ್ಕದಲ್ಲಿ ತಲೆ ಬಾಗಿಸಿದ ಮುದುಕ ಜಾನ್. ಇಬ್ಬರೂ ಈಗಷ್ಟೇ ಅತ್ತು ಮುಗಿಸಿದವರ ಹಾಗೆ. ಸುಮಾರು ಹೊತ್ತು ನಿಂತೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಬಾಬಾಗೆ ಫೋನ್ ಮಾಡಿದೆ.

"ನೋಡಿದೆ ಬಾಬಾ."

"ಗಾಜಿನ ಹಿಂದೆ ಇಟ್ಟಿದ್ದಾರಾ?"

"ಹೌದು."

"ಒಳಗೆ ತಂಡಿ ಇಲ್ಲ ತಾನೇ? ಹಳೇ ಮರ ಮಗಾ, ತಂಡಿಗೆ ಬಿರುಕು ಬಿಡುತ್ತೆ."

ಬೆಚ್ಚಗೇ ಇದೆ ಅಂದೆ. ಸರಿ ಹಾಗಾದರೆ, ಒಲೆ ಮೇಲೆ ಹಾಲಿಟ್ಟಿದ್ದೀನಿ ಅಂತ ಫೋನಿಟ್ಟಳು.