ಎಲ್ಲರಿಗಿಂತ ಮೊದಲೇ ಮುಗಿಸುವ ಟೆನರ್

ಮಂಗಳೂರಿನ ಕನ್ನಡ ಚರ್ಚುಗಳಲ್ಲಿ ನಾಲ್ಕು ಪಾರ್ಟಿನಲ್ಲಿ, ಅಂದರೆ ಹೆಂಗಸರ ಸೊಪ್ರಾನೊ, ಆಲ್ಟೊ, ಗಂಡಸರ ಟೆನರ್, ಬೇಸ್ ಎಂಬ ನಾಲ್ಕು ದನಿಗಳಲ್ಲಿ, ಹಾಡುವುದು ಇಂದು ನಿನ್ನೆಯದಲ್ಲ. ಬಾಸೆಲ್ ಮಿಶನ್‌ನವರು 1834ರಲ್ಲಿ ಇಲ್ಲಿಗೆ ಬಂದರು, 1841ರಲ್ಲಿ ಪ್ರೆಸ್ ಹಾಕಿದರು. ಜರ್ಮನ್ ರಾಗಗಳಿಗೆ ಕನ್ನಡ ಪದ ಕೂರಿಸಿ ಹಾಡುವ ರೂಢಿ ಅವರ ಕಾಲದ್ದು. ಆದರೆ ನಮ್ಮ ಕ್ವಾಯರ್‌ನಲ್ಲಿ ಇವತ್ತಿಗೂ ಪದ ಒಂದು ಪುಸ್ತಕದಲ್ಲಿ, ನೋಟ್ಸ್ ಇನ್ನೊಂದರಲ್ಲಿ. ಹಳಬರಿಗೆ ಅಭ್ಯಾಸ ಆಗಿದೆ, ಅವರು ನೋಡದೆಯೇ ಹಾಡುತ್ತಾರೆ. ಹೊಸದಾಗಿ ಸೇರಿದ ಮಕ್ಕಳು ಎರಡು ಪುಸ್ತಕದ ನಡುವೆ ಕಣ್ಣಾಡಿಸುತ್ತಾ ಒದ್ದಾಡುತ್ತಾರೆ. ನೋಟ್ಸಿನ ಕೆಳಗೇ ಕನ್ನಡ ಪದ ಅಚ್ಚಾಗಿದ್ದರೆ ಅವರ ಅರ್ಧ ಕಷ್ಟ ಅಲ್ಲಿಗೇ ಕಳೆಯುತ್ತದೆ.

ಕಳೆದ ನವೆಂಬರ್ ಕೊನೆಯಲ್ಲಿ ಮಾಸ್ಟ್ರು ಒಂದು ಕ್ರಿಸ್ಮಸ್ ಗೀತೆ ಹಿಡಿದುಕೊಂಡು ಬಂದರು. ಕೈಬರಹದ ಸ್ಕೋರು. ಜೆರಾಕ್ಸಿನ ಜೆರಾಕ್ಸ್ ಆಗಿ ಆಗಿ ಬೇಸ್ ಸಾಲಿನ ನೋಟ್ಸ್ ಮಸಿ ಚೆಲ್ಲಿದ ಹಾಗೆ ಕಾಣುತ್ತಿತ್ತು.

"ಇದನ್ನು ನಮ್ಮ ಹಳೇ ಟೆನರ್ ಹುಡುಗ ಕಂಪ್ಯೂಟರಲ್ಲಿ ಹಾಕ್ಲಿಕ್ಕೆ ಶುರು ಮಾಡಿದ್ದ. ಗಲ್ಫಿಗೆ ಹೋದ ಮೇಲೆ ಹಾಗೆಯೇ ಉಳಿದಿದೆ. ನೀವು ಒಮ್ಮೆ ನೋಡ್ತೀರಾ?" ಅಂದರು.

ಆ ಹುಡುಗನಿಗೆ ವಾಟ್ಸಾಪ್ ಮಾಡಿದೆ. ರಾತ್ರಿಯೇ ಫೈಲ್ ಬಂತು. ಕೆಲವೇ ಕೆಬಿಯ ಒಂದು ಲಿಲಿಪಾಂಡ್ ಫೈಲ್, ಜೊತೆಗೆ ಪದಗಳಿದ್ದ ಒಂದು ವರ್ಡ್ ಫೈಲ್.

ಗೊತ್ತಿಲ್ಲದವರಿಗೆ ಒಂದು ಮಾತು. ಲಿಲಿಪಾಂಡ್ ಅಂದರೆ ಸಂಗೀತದ ನೋಟ್ಸನ್ನು ಅಕ್ಷರಗಳಲ್ಲಿ ಟೈಪ್ ಮಾಡಿ ಅಚ್ಚಿನ ಪುಟ ಪಡೆಯುವ ಸಾಫ್ಟ್‌ವೇರ್. ಇಲ್ಲಿ ಮೌಸಿನಲ್ಲಿ ನೋಟ್ಸ್ ಎಳೆದು ಇಡುವುದಿಲ್ಲ. ಸಿ, ಡಿ, ಇ ಅಂತ ಸ್ವರದ ಹೆಸರು ಬರೆದು, ಪಕ್ಕದಲ್ಲಿ ಅದರ ಅಳತೆ ಬರೆಯುವುದು. 4 ಅಂದರೆ ಕ್ರಾಚೆಟ್ (ಇಲ್ಲಿ ಒಂದು ಬೀಟ್), 8 ಅಂದರೆ ಕ್ವೇವರ್ (ಅದರ ಅರ್ಧ), ಚುಕ್ಕೆ ಹಾಕಿದರೆ ಅರ್ಧದಷ್ಟು ಜಾಸ್ತಿ. ಹಾನ್‌-ವೆನ್ ನಿಯೆನ್‌ಹೌಸ್ ಮತ್ತು ಯಾನ್ ನ್ಯೂವೆನ್‌ಹೌಜನ್ ಎಂಬ ಇಬ್ಬರು ಡಚ್ಚರು 1996ರಲ್ಲಿ ಶುರು ಮಾಡಿದ್ದು. ದುಡ್ಡು ಕೊಡಬೇಕಿಲ್ಲ. ಕೈಯಲ್ಲಿ ಕೆತ್ತಿ ಅಚ್ಚು ಹಾಕುತ್ತಿದ್ದ ಕಾಲದ ಪುಟಗಳನ್ನು ಮುಂದಿಟ್ಟುಕೊಂಡು, ಗೆರೆಯ ದಪ್ಪ, ನೋಟ್ಸಿನ ನಡುವಿನ ಜಾಗ ಎಲ್ಲವನ್ನೂ ಅಳೆದು ಮಾಡಿದ್ದಾರೆ. ಪುಟ ನೋಡಿದರೆ ಆ ಶ್ರಮ ಕಾಣುತ್ತದೆ.

ನನಗೆ ಇದರ ಮೇಲೆ ಪ್ರೀತಿ ಹುಟ್ಟಲು ಕಾರಣ ಬೇರೆ. ನಮ್ಮ ಕ್ವಾಯರ್‌ನಲ್ಲಿ ಇನ್ನೊಂದು ದುಬಾರಿ ಸಾಫ್ಟ್‌ವೇರಿನಲ್ಲಿ ಮಾಡಿಟ್ಟ ಹಳೆ ಸ್ಕೋರುಗಳಿವೆ. ಅದು ಇದ್ದ ಕಂಪ್ಯೂಟರ್ ಹಾಳಾಯಿತು, ಲೈಸೆನ್ಸ್ ಯಾರ ಹೆಸರಲ್ಲಿತ್ತೋ ಯಾರಿಗೂ ನೆನಪಿಲ್ಲ. ಫೈಲುಗಳಿವೆ, ತೆರೆಯಲು ಬರುವುದಿಲ್ಲ. ಈ ಹುಡುಗನ ಫೈಲ್ ಹಾಗಲ್ಲ. ನೋಟ್‌ಪ್ಯಾಡಿನಲ್ಲಿ ತೆರೆದರೂ ಅವನು ಟೈಪ್ ಮಾಡಿದ ಒಂದೊಂದು ಸ್ವರವನ್ನೂ ಓದಬಹುದಿತ್ತು. ಮಧ್ಯೆ ಒಂದು ಕಡೆ ಅವನೇ ಬರೆದುಕೊಂಡ ಟಿಪ್ಪಣಿ ಕೂಡ ಇತ್ತು: "ಇಲ್ಲಿ ಬೇಸ್ ಸರಿ ಕಾಣುವುದಿಲ್ಲ, ಮಾಸ್ಟ್ರಲ್ಲಿ ಕೇಳಬೇಕು."

ಶನಿವಾರ ಬೆಳಿಗ್ಗೆ ಕಾಪಿ ಕುಡಿದು ಕೂತೆ. ಸಂಜೆ ಆರಕ್ಕೆ ಪ್ರಾಕ್ಟೀಸ್.

ಫೈಲಿನ ಮೊದಲ ಸಾಲಿನಲ್ಲೇ ವರ್ಷನ್ 2.12 ಅಂತ ಇತ್ತು. ನನ್ನ ಹತ್ತಿರ ಇರುವುದು 2.24. ಈ ಒಂದು ಸಾಲನ್ನು ಅವನು ಬರೆದದ್ದು ಎಷ್ಟು ಒಳ್ಳೆಯದಾಯಿತು ಅಂದರೆ, ಲಿಲಿಪಾಂಡ್ ಜೊತೆಗೇ ಬರುವ ಕನ್ವರ್ಟ್-ಎಲ್‌ವೈ ಅನ್ನುವ ಉಪಕರಣ ಅದನ್ನು ಓದಿಕೊಂಡೇ ಹಳೆ ಬರವಣಿಗೆಯನ್ನು ಹೊಸದಕ್ಕೆ ತಿರುಗಿಸುತ್ತದೆ. ವರ್ಷನ್ ಇಲ್ಲದಿದ್ದರೆ ಎಲ್ಲಿಂದ ಶುರು ಮಾಡಬೇಕು ಅಂತ ಅದಕ್ಕೆ ನಾವೇ ಹೇಳಿಕೊಡಬೇಕು. ಮೂಲ ಫೈಲಿನ ಒಂದು ಪ್ರತಿ ತೆಗೆದಿಟ್ಟು ಓಡಿಸಿದೆ, ಆಯಿತು. ಫಾಂಟ್ ಮಾತ್ರ ಹೊಂದಲಿಲ್ಲ. ಅವನು ವಿಂಡೋಸಿನ ತುಂಗಾ ಹಾಕಿದ್ದ, ನನ್ನದು ಉಬುಂಟು. ಅದನ್ನು ತೆಗೆದು ನೋಟೊ ಸೆರಿಫ್ ಕನ್ನಡ ಅಂತ ಬರೆದೆ. ಕನ್ನಡ ಅಕ್ಷರ ಜೋಡಿಸುವ ಕೆಲಸವನ್ನು ಲಿಲಿಪಾಂಡ್ ಪ್ಯಾಂಗೋ ಎಂಬ ಇನ್ನೊಂದು ತಂತ್ರಾಂಶಕ್ಕೆ ವಹಿಸುತ್ತದೆ, ಹಾಗಾಗಿ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿಯಾಗಿ ಬರುತ್ತದೆ. ಬರಹ ಯುನಿಕೋಡಿನಲ್ಲಿ ಇರಬೇಕು, ಅಷ್ಟೇ. ಎರಡನೇ ಮೂರನೇ ಚರಣ ಹಳೆ ನುಡಿ ಫಾಂಟಿನಲ್ಲಿತ್ತು, ಅದನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಕೊಂಡೆ.

ಪುಟ ಬಂತು. ಒಂದು ಎರರ್ ಕೂಡ ಇಲ್ಲ. ಆದರೆ ಹಾಡು ಸರಿ ಇರಲಿಲ್ಲ.

ಕೊನೆಯ ಸಾಲಿನಲ್ಲಿ ಟೆನರ್ ಉಳಿದ ಮೂವರಿಗಿಂತ ಅರ್ಧ ಬೀಟ್ ಮೊದಲೇ ಹಾಡು ಮುಗಿಸುತ್ತಿದ್ದ. ಕಣ್ಣಿಗೆ ಕಾಣುವುದು ಕೊನೆಯ ಬಾರಿನಲ್ಲಿ (ಬಾರು ಅಂದರೆ ಎರಡು ನಿಂತ ಗೆರೆಗಳ ನಡುವಿನ ನಾಲ್ಕು ಬೀಟಿನ ಭಾಗ), ತೊಂದರೆ ಆಗಿರುವುದು ಮೊದಲೆಲ್ಲೋ. ಬಾರ್ ಗೆರೆ ಎಲ್ಲ ಪಾರ್ಟಿಗೂ ಒಂದೇ, ಹಾಗಾಗಿ ಗೆರೆಗಳೇನೋ ನೆಟ್ಟಗೆ ನಿಂತಿದ್ದವು. ಟೆನರ್ ನೋಟ್ಸ್ ಮಾತ್ರ ಅವುಗಳ ಕೆಳಗೆ ಎಡಕ್ಕೆ ಜಾರಿದ್ದವು. ಸೊಪ್ರಾನೊದಲ್ಲಿ ಹುಡುಗ ಪ್ರತಿ ಬಾರಿನ ಕೊನೆಗೆ ಒಂದು ನಿಂತ ಗೆರೆ ಟೈಪ್ ಮಾಡಿದ್ದ. ಅದೇ ಬಾರ್ ಚೆಕ್. ಆ ಜಾಗದಲ್ಲಿ ಲೆಕ್ಕ ತಪ್ಪಿದ್ದರೆ ಲಿಲಿಪಾಂಡ್ ಕೂಡಲೇ ಹೇಳುತ್ತದೆ. ಟೆನರಿಗೆ ಅದನ್ನು ಹಾಕುವ ಮೊದಲೇ ಅವನಿಗೆ ವೀಸಾ ಬಂದಿರಬೇಕು.

ನಾನು ಕೂತು ಟೆನರ್ ಉದ್ದಕ್ಕೂ ಬಾರ್ ಚೆಕ್ ಹಾಕಿದೆ. ಮತ್ತೆ ಓಡಿಸಿದಾಗ ಎಚ್ಚರಿಕೆ ಬಂತು: ಬಾರ್ ಚೆಕ್ ತಪ್ಪಿದೆ, 7/8ರಲ್ಲಿ. ನಾಲ್ಕು ಬೀಟಿನ ಬಾರು 8/8 ಆಗಬೇಕು, ಇಲ್ಲಿ 7/8ಕ್ಕೇ ಮುಗಿದಿದೆ. ಅಂದರೆ ಒಂದು ಕ್ವೇವರಿನಷ್ಟು ಕಮ್ಮಿ. ಆ ಬಾರಿನಲ್ಲಿ ಒಂದು ಕ್ರಾಚೆಟ್ ಇತ್ತು, ಅದರ ಹಿಂದೆಯೇ ಕ್ವೇವರ್. ಮಾಸ್ಟ್ರ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಕ್ರಾಚೆಟ್ ಪಕ್ಕದಲ್ಲಿ ಮಸುಕಾಗಿ ಒಂದು ಚುಕ್ಕೆ ಇತ್ತು! ಜೆರಾಕ್ಸಿನ ಕಲೆಗಳ ನಡುವೆ ಅದು ಯಾರಿಗೂ ಕಾಣುವಂಥದ್ದಲ್ಲ. ಫೈಲಿನಲ್ಲಿ ಆ ಚುಕ್ಕೆ ಹಾಕಿದೆ. ಟೆನರ್ ಎಲ್ಲರ ಜೊತೆ ಮುಗಿಸಿದ.

ಬೇಸಿನದ್ದು ಇನ್ನೊಂದು ಕತೆ. ಎರಡನೇ ಸಾಲಿನಿಂದ ಅವರ ನೋಟ್ಸ್ ಸ್ಟಾಫಿನ, ಅಂದರೆ ಐದು ಗೆರೆಗಳ, ಕೆಳಗೆ ಇಳಿದು, ಅಲ್ಲಿ ಹೆಚ್ಚುವರಿಯಾಗಿ ಬರುವ ಪುಟ್ಟ ಲೆಡ್ಜರ್ ಗೆರೆಗಳ ಮೇಲೆ ಲೆಡ್ಜರ್ ಗೆರೆ. ಹುಡುಗ ಟಿಪ್ಪಣಿ ಬರೆದಿದ್ದ ಜಾಗ ಇದೇ. ಫೈಲು ರಿಲೇಟಿವ್ ಮೋಡಿನಲ್ಲಿತ್ತು. ಅಲ್ಲಿ ಪ್ರತಿ ಸ್ವರವೂ ಹಿಂದಿನ ಸ್ವರಕ್ಕೆ ಅತಿ ಹತ್ತಿರ ಇರುವ ಜಾಗದಲ್ಲಿ ಕೂರುತ್ತದೆ. ಜಿಯಿಂದ ಡಿಗೆ ಹೋಗಬೇಕಾದರೆ, ಜಿಯನ್ನೂ ಸೇರಿಸಿ ಎಣಿಸಿದರೆ, ಮೇಲಕ್ಕೆ ಐದು ಮೆಟ್ಟಿಲು, ಕೆಳಕ್ಕೆ ನಾಲ್ಕು. ಸುಮ್ನೆ ಡಿ ಅಂತ ಬರೆದರೆ ಲಿಲಿಪಾಂಡ್ ಹತ್ತಿರದ್ದನ್ನೇ ಹಿಡಿಯುತ್ತದೆ, ಕೆಳಗಿನ ಡಿ. ಮೇಲಿನದು ಬೇಕಾದರೆ ಒಂದು ಅಪಾಸ್ಟ್ರಫಿ ಹಾಕಬೇಕು. ಚರ್ಚಿನ ಗೀತೆಗಳಲ್ಲಿ ಬೇಸ್ ಹೀಗೆ ಐದರ ಜಿಗಿತ ಹಾಕುವುದು ಮಾಮೂಲು. ಒಂದು ಕಡೆ ಆ ಚಿಹ್ನೆ ಇಲ್ಲದಿದ್ದರೆ ಅಲ್ಲಿಂದ ಮುಂದಿನ ಎಲ್ಲವೂ ಒಂದು ಆಕ್ಟೇವ್ (ಒಂದು ಸ್ಥಾಯಿ) ಕೆಳಗೆ ಹೋಗುತ್ತದೆ. ಹಾಗಾಗಿ ಕೆಳಗಿಳಿದ ನೋಟ್ಸನ್ನು ಒಂದೊಂದಾಗಿ ಮೇಲೆತ್ತಲು ಹೋಗಬಾರದು. ಮೊದಲು ಇಳಿದದ್ದು ಯಾವುದು ಅಂತ ನೋಡಬೇಕು. ಫ್ರೆಸ್ಕೊಬಾಲ್ಡಿ ಎಡಿಟರಿನಲ್ಲಿ ಪುಟದ ಮೇಲಿನ ನೋಟನ್ನು ಕ್ಲಿಕ್ ಮಾಡಿದರೆ ಕರ್ಸರ್ ನೇರ ಆ ಅಕ್ಷರಕ್ಕೆ ಹೋಗಿ ನಿಲ್ಲುತ್ತದೆ. ಹಾಗೆ ಹುಡುಕಿ ಒಂದೇ ಒಂದು ಅಪಾಸ್ಟ್ರಫಿ ಸೇರಿಸಿದೆ, ಬೇಸ್ ಪೂರ್ತಿ ಮೇಲೆ ಬಂತು.

ಇಷ್ಟಾಗುವಾಗ ಊಟದ ಹೊತ್ತು ದಾಟಿತ್ತು. ನಿಜವಾಗಿ ತಲೆ ತಿಂದದ್ದು ಎರಡನೇ ಚರಣ.

ಮೂರನೇ ಬಾರಿನಲ್ಲಿ ಎರಡು ಕ್ವೇವರುಗಳಿಗೆ ಸ್ಲರ್, ಅಂದರೆ ನೋಟುಗಳನ್ನು ಕೂಡಿಸುವ ಬಾಗಿದ ಗೆರೆ, ಇದೆ. ಮೊದಲ ಚರಣದಲ್ಲಿ ಅಲ್ಲಿ ಒಂದೇ ಅಕ್ಷರ, "ಬಾ" ಅಂತ ಎಳೆಯುವುದು. ಎರಡನೇ ಚರಣದಲ್ಲಿ ಅದೇ ಜಾಗಕ್ಕೆ "ಬೆತ್ಲೆಹೇಮ್" ಬರುತ್ತದೆ, ಎರಡು ನೋಟಿಗೆ ಎರಡು ಅಕ್ಷರ ಬೇಕು. ಇಂಗ್ಲಿಷ್, ಜರ್ಮನ್ ರಾಗಗಳಿಗೆ ಕನ್ನಡ ಕೂರಿಸಿದ ಗೀತೆಗಳಲ್ಲೆಲ್ಲ ಇಂಥದ್ದು ಸಿಗುತ್ತದೆ. ಹಾಡುವವರು ಸಹಜವಾಗಿ ಸರಿ ಮಾಡಿಕೊಂಡು ಹೋಗುತ್ತಾರೆ. ಲಿಲಿಪಾಂಡ್ ಮಾತ್ರ ಸ್ಲರ್ ಕಂಡರೆ ಒಂದೇ ಅಕ್ಷರ ಇಡುತ್ತದೆ. ಅದರಿಂದ ಅಲ್ಲಿಂದಾಚೆ ಪ್ರತಿ ಅಕ್ಷರವೂ ಒಂದು ನೋಟು ಬಲಕ್ಕೆ ಸರಿದು, ಕೊನೆಯ ಅಕ್ಷರಕ್ಕೆ ಜಾಗವೇ ಇಲ್ಲ.

ನಾಲ್ಕು ಪಾರ್ಟು, ಮೂರು ಚರಣ ಇರುವ ದೊಡ್ಡ ಫೈಲಿನಲ್ಲಿ ಇದನ್ನು ತಡಕಾಡುವುದು ದಂಡ. ಹೊಸ ಫೈಲ್ ತೆರೆದು ಸೊಪ್ರಾನೊದ ನಾಲ್ಕು ಬಾರು, ಎರಡು ಚರಣದ ಅಷ್ಟೇ ಪದ ಹಾಕಿದೆ. ಉಳಿದ ಯಾವುದೂ ಇಲ್ಲ. ಆ ಪುಟ್ಟ ಫೈಲಿನಲ್ಲೂ ಪದ ಬಲಕ್ಕೆ ಜಾರಿತು. ಹಾಗಾದರೆ ತೊಂದರೆ ಇಲ್ಲೇ ಉಂಟು, ಬೇರೆಲ್ಲೂ ಅಲ್ಲ ಅಂತ ಖಾತ್ರಿ ಆಯಿತು. ಆಮೇಲೆ ಮ್ಯಾನ್ಯುಯಲ್ ತೆರೆದು ಪದಗಳ ಅಧ್ಯಾಯ ಓದಿದೆ. ಉತ್ತರ ಅಲ್ಲೇ ಇತ್ತು: ಇಗ್ನೋರ್ ಮೆಲಿಸ್ಮಾಟಾ. ಒಂದೇ ಅಕ್ಷರವನ್ನು ಹಲವು ನೋಟಿಗೆ ಎಳೆಯುವುದನ್ನು ಲೆಕ್ಕಿಸಬೇಡ ಅಂತ ಅರ್ಥ. ಆ ಎರಡು ಅಕ್ಷರದ ಮೊದಲು ಅದನ್ನು ಸೆಟ್ ಮಾಡಬೇಕು, ಮುಗಿದ ಮೇಲೆ ಅನ್‌ಸೆಟ್ ಮಾಡಬೇಕು. ಬೇರೆ ಕಡೆ ನಡೆಯುವ, ಒಂದೇ ಸಲಕ್ಕೆ ಸಾಕು ಅನ್ನುವ ಒನ್ಸ್ ಎಂಬ ಆದೇಶ ಇದಕ್ಕೆ ನಡೆಯುವುದಿಲ್ಲ. ಸ್ಲರ್ ಕೆಲವು ಚರಣಕ್ಕೆ ಮಾತ್ರ ಅಂತ ಹಾಡುವವರಿಗೆ ತಿಳಿಯಬೇಕಲ್ವಾ? ಅದಕ್ಕೆ ಸ್ಲರ್ ಡಾಟೆಡ್ ಅಂತ ಬರೆದರೆ ಗೆರೆ ಚುಕ್ಕೆ ಚುಕ್ಕೆಯಾಗಿ ಬರುತ್ತದೆ. ನಾಲ್ಕು ಬಾರಿನಲ್ಲಿ ಸರಿ ಬಂದದ್ದನ್ನು ದೊಡ್ಡ ಫೈಲಿಗೆ ತಂದೆ.

ಮೂರನೇ ಚರಣದಲ್ಲೂ ಪದ ಸರಿದಿತ್ತು, ಆದರೆ ಎಡಕ್ಕೆ. ಅದರ ಕಾರಣ ಬೇರೆ. ಪದವನ್ನು ಒಡೆಯಲು ಅಕ್ಷರಗಳ ನಡುವೆ ಎರಡು ಅಡ್ಡಗೆರೆ ಹಾಕುವಾಗ ಆಚೆ ಈಚೆ ಖಾಲಿ ಜಾಗ ಬೇಕೇ ಬೇಕು. ವರ್ಡ್ ಫೈಲಿನಲ್ಲಿ ಒಂದು ಕಡೆ ಅದು ಅಂಟಿಕೊಂಡಿತ್ತು. ಹಾಗೆ ಅಂಟಿದರೆ ಎರಡು ಅಕ್ಷರ ಒಂದಾಗಿ, ಅಡ್ಡಗೆರೆ ಸಮೇತ ಒಂದೇ ನೋಟಿನ ಕೆಳಗೆ ಅಚ್ಚಾಗುತ್ತದೆ. ಬಿಡಿಸಿದೆ, ಸರಿಹೋಯಿತು.

"ಬೆತ್ಲೆಹೇಮ್" ಒಡೆಯುವುದು ಹೇಗೆ ಅಂತ ಮಾಸ್ಟ್ರಿಗೆ ಫೋನ್ ಮಾಡಿದೆ. ಹಾಡುವಾಗ ಬಾಯಲ್ಲಿ ಬರುವುದು ಬೆತ್, ಲೆ, ಹೇಮ್. ಕನ್ನಡ ಬರೆಯುವ ರೀತಿಯಲ್ಲಿ ಬೆ, ತ್ಲೆ, ಹೇಮ್.

"ಮಕ್ಕಳು ಓದುವುದು ಹೇಗೆ? ಶಾಲೆಯಲ್ಲಿ ಕಲಿತ ಹಾಗೆ ಅಲ್ವಾ? ಬೆ, ತ್ಲೆ ಅಂತಲೇ ಹಾಕಿ" ಅಂದರು ಮಾಸ್ಟ್ರು. "ಉದ್ದ ನೋಟಿನಲ್ಲಿ ತಕಾರಕ್ಕೆ ಬೇಗ ಬಾಯಿ ಮುಚ್ಚಿದರೆ ಸ್ವರ ಸತ್ತು ಹೋಗ್ತದೆ. ಬೆ ಅಂತ ಇದ್ದರೆ ಕೊನೆಯವರೆಗೂ ಬಾಯಿ ತೆರೆದೇ ಇರ್ತದೆ."

ಈ ಮಾತು ನನಗೆ ತುಂಬ ಹಿಡಿಸಿತು. ಕನ್ನಡದ ಅಕ್ಷರ ಸ್ವರದಲ್ಲಿ ಮುಗಿಯುವುದೇ ಜಾಸ್ತಿ, ಹಾಡಿಗೆ ಬೇಕಾದದ್ದೂ ಅದೇ. ಇಡೀ ಗೀತೆಯನ್ನು ಆ ಕಣ್ಣಿನಿಂದ ಮತ್ತೊಮ್ಮೆ ನೋಡಿ, ಒತ್ತಕ್ಷರ ಇದ್ದಲ್ಲೆಲ್ಲ ಹಾಗೆಯೇ ಒಡೆದೆ. ಕ, ರ್ತ, ನು. ರಾ, ತ್ರಿ. ಎ, ಲ್ಲ, ರೂ.

ಉಳಿದದ್ದು ಸಾಲುಗಳ ನಡುವಿನ ಜಾಗ. ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ, ಗುಣಿತದ ಗುಡಿಸು ಮೇಲಕ್ಕೆ ಏರುತ್ತದೆ. ಲಿಲಿಪಾಂಡ್ ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳುತ್ತದೆ, ನಿಜ. ಆದರೆ ಒತ್ತು ಇದ್ದಲ್ಲಿ ಚರಣದ ಸಾಲುಗಳು ದೂರ, ಇಲ್ಲದಲ್ಲಿ ಹತ್ತಿರ ಆಗಿ ಪುಟ ಏರುಪೇರಾಗಿ ಕಾಣುತ್ತಿತ್ತು. ಪದದ ಸಾಲುಗಳ ನಡುವಿನ ಕನಿಷ್ಠ ದೂರ ಮೊದಲಿನಿಂದ 2.8 ಇರುತ್ತದೆ, ಅದು ಇಂಗ್ಲಿಷ್ ಅಕ್ಷರಕ್ಕೆ ಸಾಕು. ಅದನ್ನು 4 ಮಾಡಿದೆ. ಎಲ್ಲ ಕಡೆ ಸಮ ಆಯಿತು. ಕನ್ನಡದಲ್ಲಿ ಮಾಡುವವರು ಇದನ್ನು ಶುರುವಿನಲ್ಲೇ ಹಾಕಿಕೊಂಡರೆ ಒಳ್ಳೆಯದು.

ಹಂಪನಕಟ್ಟೆಯಲ್ಲಿ ಜೆರಾಕ್ಸ್ ಮಾಡಿಸಿ ಚರ್ಚಿಗೆ ಹೋಗುವಾಗ ಎಲ್ಲರೂ ಬಂದು ಕೂತಿದ್ದರು. ಮಾಸ್ಟ್ರು ಕೀಬೋರ್ಡಿನಲ್ಲಿ ಸ್ವರ ಕೊಟ್ಟರು. ಮಕ್ಕಳು ಒಂದೇ ಕಾಗದ ನೋಡಿ ಮೊದಲ ಚರಣ ನಿಲ್ಲದೆ ಹಾಡಿದರು. ಮೂರನೇ ಬಾರಿನ ಚುಕ್ಕೆ ಸ್ಲರ್ ನೋಡಿ ಸೊಪ್ರಾನೊದ ಒಬ್ಬಳು ಹುಡುಗಿ ಕೇಳಿದಳು, "ಇದು ಎಂಥದ್ದು?" ಪಕ್ಕದವಳೇ ವಿವರಿಸಿದಳು. ನಾನು ಬಾಯಿ ತೆರೆಯಬೇಕಾಗಲಿಲ್ಲ.

ಆಲ್ಟೊದಲ್ಲಿ ಹಾಡುವ ಹಿರಿಯ ಆಂಟಿಯೊಬ್ಬರು ನಡುವೆ ಕೈ ಎತ್ತಿದರು.

"ಮಗಾ, ಇಲ್ಲಿ ಎಫ್‌ಗೆ ನ್ಯಾಚುರಲ್ ಯಾಕೆ ಬಂದಿದೆ? ನಾವು ಯಾವತ್ತೂ ಶಾರ್ಪೇ ಹಾಡಿದ್ದಲ್ವಾ?"

ಅವರು ಹೇಳಿದ್ದು ಸರಿ. ಗೀತೆ ಜಿ ಮೇಜರಿನಲ್ಲಿದೆ, ಅದರಲ್ಲಿ ಎಫ್ ಶಾರ್ಪ್ ಬರಬೇಕು, ಅಂದರೆ ಅರ್ಧ ಸ್ವರ ಮೇಲೆ. ನ್ಯಾಚುರಲ್ ಅಂದರೆ ಹಾಗೆ ಏರಿಸದ ಎಫ್. ಆದರೆ ಲಿಲಿಪಾಂಡಿನಲ್ಲಿ ಇದನ್ನು ಹೇಳುವ ಕೀ ಸಿಗ್ನೇಚರ್ ಹಾಕಿದ ಮಾತ್ರಕ್ಕೆ ಎಫ್ ತಾನಾಗಿ ಶಾರ್ಪ್ ಆಗುವುದಿಲ್ಲ. ಎಫ್ ಶಾರ್ಪಿಗೆ ಪ್ರತಿ ಸಲ ಫಿಸ್ (fis) ಅಂತಲೇ ಬರೆಯಬೇಕು. ಬರೀ ಎಫ್ ಇದ್ದರೆ ಅದು ನ್ಯಾಚುರಲ್ ಚಿಹ್ನೆ ಹಾಕಿಯೇ ಅಚ್ಚು ಮಾಡುತ್ತದೆ. ಇದಕ್ಕೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಯಾಕೆಂದರೆ ಬರವಣಿಗೆಯ ಮಟ್ಟಿಗೆ ಅದು ಸರಿಯೇ. ಇಂಥದ್ದನ್ನು ಹಿಡಿಯಲು ಹಾಡಿ ಪಳಗಿದ ಕಿವಿಯೇ ಬೇಕು. ಎಲ್ಲರೂ ಪೆನ್ಸಿಲಿನಲ್ಲಿ ತಿದ್ದಿಕೊಂಡರು. ನಾನು ಲ್ಯಾಪ್‌ಟಾಪ್ ತೆರೆದು ಅಲ್ಲೇ ಎರಡು ಅಕ್ಷರ ಸೇರಿಸಿದೆ.

ಪ್ರಾಕ್ಟೀಸ್ ಮುಗಿದ ಮೇಲೆ ಅದೇ ಆಂಟಿ ಇನ್ನೊಂದು ಕೇಳಿದರು. ಅವರ ಪ್ರಾಯದವರು ಕೆಲವರು ಸ್ಟಾಫ್ ಓದುವುದಿಲ್ಲ, ಸೊಲ್ಫಾ ಓದುತ್ತಾರೆ. "ಡೋ ರೇ ಮಿ ಕೂಡ ಹಾಕ್ಲಿಕ್ಕೆ ಆಗ್ತದಾ?" ಆಗುತ್ತದೆ. ಸೊಲ್ಫಾದ ಅಕ್ಷರಗಳನ್ನು ಇನ್ನೊಂದು ಪದದ ಸಾಲಿನ ಹಾಗೆ ಕೊಟ್ಟರೆ ಅದು ಪ್ರತಿ ನೋಟಿನ ನೇರಕ್ಕೆ ಬಂದು ಕೂರುತ್ತದೆ. ಸ್ಲರ್ ಇದ್ದಲ್ಲಿ ಅದಕ್ಕೂ ಇಗ್ನೋರ್ ಮೆಲಿಸ್ಮಾಟಾ ಬೇಕು, ಸೊಲ್ಫಾದಲ್ಲಿ ಪ್ರತಿ ನೋಟಿಗೂ ಹೆಸರಿದೆಯಲ್ಲ. ಆ ಸಾಲಿಗೆ ಶುರುವಿನಿಂದ ಕೊನೆಯವರೆಗೂ ಸೆಟ್ ಮಾಡಿಬಿಟ್ಟರೆ ಆಯಿತು.

ತಿದ್ದಿದ ಫೈಲನ್ನು ಆ ರಾತ್ರಿಯೇ ಗಲ್ಫಿನ ಹುಡುಗನಿಗೆ ಕಳಿಸಿದೆ. ಬೇಸಿನ ಹತ್ತಿರ ಅವನು ಬರೆದಿದ್ದ ಟಿಪ್ಪಣಿಯ ಕೆಳಗೆ, ಜಿಯಿಂದ ಡಿಗೆ ಅಪಾಸ್ಟ್ರಫಿ ಸೇರಿಸಿದ್ದೇನೆ ಅಂತ ಬರೆದಿಟ್ಟಿದ್ದೆ. ಅವನು ಅದನ್ನು ಓದಿ, ಎರಡನೇ ಸಾಲಿನ ಕೊನೆಗೆ ಉಸಿರಿನ ಗುರುತು ಬೇಕು, ಮಾಸ್ಟ್ರು ಅಲ್ಲಿ ಯಾವತ್ತೂ ನಿಲ್ಲಿಸುತ್ತಿದ್ದರು ಅಂತ ಉತ್ತರ ಕಳಿಸಿದ. ಜೊತೆಗೆ ಅರ್ಧ ಮಾಡಿಟ್ಟ ಈಸ್ಟರ್ ಗೀತೆಗಳ ಒಂದು ಫೋಲ್ಡರ್. ಉಸಿರಿನ ಗುರುತು ಹಾಕಿ ಆಗಿದೆ. ಈಸ್ಟರಿನ ಫೈಲುಗಳನ್ನು ಅವನೂ ನಾನೂ ಹಂಚಿಕೊಂಡಿದ್ದೇವೆ: ಸೊಪ್ರಾನೊ, ಆಲ್ಟೊ ಅವನಿಗೆ, ಟೆನರ್, ಬೇಸ್ ಮತ್ತು ಕನ್ನಡ ಪದ ನನಗೆ. ಈ ಸಲ ಎಲ್ಲ ಪಾರ್ಟಿಗೂ ಮೊದಲಿನಿಂದಲೇ ಬಾರ್ ಚೆಕ್ ಹಾಕುತ್ತಿದ್ದೇವೆ.